ನಿಂಬೆಹಣ್ಣು ಕಟ್ಟಿದ ವಿಮಾನ

ಊರೂರಿನ ಶಾಲೆಗಳಿಗೆ ಮಾದರಿ ಮಾಡಿಕೊಡುವುದು ನನ್ನ ಕೆಲಸ. ಒಮ್ಮೆ ಇಂಡಿ ಪಟ್ಟಣದ ಶಾಲೆಯೊಂದರ ಪ್ರದರ್ಶನಕ್ಕೆ ಜೋಳದ ಹೊಲದ ಪುಟ್ಟ ಮಾದರಿ ಮಾಡಿ, ಅದರ ಮೇಲೊಂದು ಸಣ್ಣ ವಿಮಾನವನ್ನು ಕಣ್ಣಿಗೆ ಕಾಣದ ನೈಲಾನ್ ದಾರದಲ್ಲಿ ತೂಗುಬಿಟ್ಟಿದ್ದೆ. ಮೂಗೆತ್ತಿ ಹಾರುವಂತೆ ತೂಕ ಹೊಂದಿಸುವಷ್ಟರಲ್ಲಿ ನನ್ನ ಕುತ್ತಿಗೆಯೇ ಹಿಡಿದುಕೊಂಡಿತ್ತು. ಇನ್ನೇನು ಜನ ಒಳಗೆ ಬರಬೇಕು, ಮುಖ್ಯಶಿಕ್ಷಕಿ ಬಂದು ಅದರ ಮೂಗಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಬಿಟ್ಟರು. ವಿಮಾನ ಹೊಲದ ಕಡೆ ಮುಗ್ಗರಿಸಿತು.

"ಮೇಡಂ, ಇದು ಬೀಳಾಕತ್ತೈತಿ ಅಂತಾರ್ರಿ ಮಂದಿ. ಬಿಚ್ಚಲೇನ್ರಿ?" ಎಂದೆ.

"ಹೊಸಾ ಗಾಡಿಗೆ ಕಟ್ಟಿದ್ದು ಬಿಚ್ಚಬಾರದ್ರಿ. ಇಳಿಯಾಕತ್ತೈತಿ ಅಂತ ಬರೀರಿ."

ವಾದಿಸುವ ತ್ರಾಣವಿರಲಿಲ್ಲ. ಫಲಕದಲ್ಲಿ ‘ಹಾರುತ್ತಿರುವ ವಿಮಾನ’ ಅಳಿಸಿ ‘ಇಳಿಯುತ್ತಿರುವ ವಿಮಾನ’ ಎಂದು ಬರೆದೆ.

ಈಗ ಸಿಂದಗಿಗೆ ಹೋಗಲಿ, ಮುದ್ದೇಬಿಹಾಳಕ್ಕೆ ಹೋಗಲಿ, ವಿಮಾನದ ಬಾಲದೊಳಗೆ ಮೊದಲೇ ಒಂದು ನಿಂಬೆಹಣ್ಣಿನ ತೂಕದ ಸೀಸ ತುಂಬಿಕೊಂಡೇ ಹೊರಡುತ್ತೇನೆ.