ಗುಂಡಿ ಮೊದಲು

ದಿನಾ ಬೆಳಿಗ್ಗೆ ಸೂಜಿಗೆ ದಾರ ಪೋಣಿಸುವ ಮೊದಲು ಗುಂಡಿಯಕ್ಕ ಕಿಟಕಿಯ ಬಳಿಯ ಚದುರಂಗದ ಮುಂದೆ ನಿಂತು ದೇವರನ್ನು ನೆನೆದು, ಎಡತುದಿಯ ಕಾಲಾಳನ್ನು ಒಂದೇ ಒಂದು ಮನೆ ಮುಂದೆ ತಳ್ಳುತ್ತಾಳೆ. ಅದು ಕಾಲಾಳಲ್ಲ, ಕೋಟಿನ ಬಿಳಿ ಗುಂಡಿ. ನಿಜವಾದದ್ದು ಅವಳು ಹುಟ್ಟುವ ಮೊದಲೇ ಕಳೆದುಹೋಗಿತ್ತು. ದರ್ಜಿಯಾಗಿದ್ದ ಅಪ್ಪ ಆಟ ಕಲಿಸುವಾಗ "ಗುಂಡಿ ಮೊದಲು" ಎಂದಿದ್ದರು. ಅದು ಆಟದ ನಿಯಮವೆಂದೇ ಅವಳು ನಂಬಿದ್ದಳು. ಅಪ್ಪನ ಅಂಗಡಿಯಲ್ಲಿ ಇಪ್ಪತ್ತು ವರ್ಷ ಗುಂಡಿ ಹೊಲಿದವಳಿಗೆ ಅನುಮಾನ ಬರುವುದಾದರೂ ಹೇಗೆ?

ಬಡಾವಣೆಯ ಪಂದ್ಯಾವಳಿಗೆ ಹೋದಾಗಲೇ ಗೊತ್ತಾದದ್ದು, ಹಾಗೆ ಯಾರೂ ಶುರುಮಾಡುವುದಿಲ್ಲ ಎಂದು. ನಾಲ್ಕು ಆಟ ಆಡಿದಳು, ನಾಲ್ಕೂ ಸೋತಳು.

"ಐದನೇದೂ ಸೋತ್ರೆ ಈ ಗುಂಡಿ ನಾಟಕ ಬಿಡ್ಬೇಕು, ಮಾತು ಕೊಡು," ಎಂದ ತಮ್ಮ. "ಅಪ್ಪ ತಮಾಷೆಗೆ ಹೇಳಿದ್ದು ಕಣಕ್ಕ."

"ಇರ್ಬಹುದು. ಯಾಕೆ ಹೇಳಿದ್ರು ಅಂತ ನೋಡೋಣ ಅಂದ್ರೆ..." ನಿಟ್ಟುಸಿರುಬಿಟ್ಟಳು. "ಆಯ್ತು, ಕೊಟ್ಟೆ."

ಐದನೆಯ ಆಟಕ್ಕೆ ಎದುರು ಕೂತವರು ನಿವೃತ್ತ ಲೆಕ್ಕದ ಮೇಷ್ಟ್ರು. ಬಿಳಿ ಕಾಯಿ ಇವಳದು. ಅಂಚಿನ ಕಾಲಾಳು ಒಂದು ಮನೆ ಸರಿಯಿತು.

"ಆಡ್ತಿದ್ದೀರೋ, ಧೂಳು ಒರೆಸ್ತಿದ್ದೀರೋ?"

"ಬಾಗಿಲು ತೆಗೀತಿದ್ದೀನಿ ಸಾರ್."

ಎರಡು ಗಂಟೆಯಲ್ಲಿ ಅವಳ ಪಡೆ ಕರಗಿತು. ಉಳಿದದ್ದು ರಾಜ ಮತ್ತು ಆ ಅಂಚಿನ ಕಾಲಾಳು. ಮೇಷ್ಟ್ರ ಬಳಿ ರಾಜನಲ್ಲದೆ ಒಂದು ಒಂಟೆ, ಒಂದು ಕಾಲಾಳು. ಹಿಂದೆ ಮುಂದೆ ನೋಡದೆ ಅವರು ತಮ್ಮ ಕಾಲಾಳಿನಿಂದ ಇವಳ ಕಾಲಾಳನ್ನು ಗುಳುಂ ಮಾಡಿದರು. ಓರೆಯಾಗಿ ತಿಂದದ್ದರಿಂದ ಅವರ ಕಾಲಾಳೂ ಅಂಚಿನ ಸಾಲಿಗೆ ಬಂತು. ಇನ್ನು ಅದು ಮಂತ್ರಿಯಾಗಬೇಕಾದರೆ ಮೂಲೆಯ ಮನೆಗೇ ಬರಬೇಕು. ಮೂಲೆ ಕಪ್ಪು, ಅವರ ಒಂಟೆ ಓಡಾಡುವುದು ಬಿಳಿ ಮನೆಗಳಲ್ಲಿ ಮಾತ್ರ. ಗುಂಡಿಯಕ್ಕ ರಾಜನನ್ನು ಮೂಲೆಯಲ್ಲಿ ಕೂರಿಸಿದಳು. ಮೇಷ್ಟ್ರು ಏನೆಲ್ಲ ಮಾಡಿದರೂ ಅವನನ್ನು ಎಬ್ಬಿಸಲಾಗಲಿಲ್ಲ. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು, "ಡ್ರಾ" ಎಂದು ಕೈಚಾಚಿದರು.

"ಗೆದ್ದಿಲ್ವಲ್ಲ!" ಎಂದ ತಮ್ಮ.

"ಸೋತೂ ಇಲ್ವಲ್ಲೋ."

ಅಪ್ಪನಿಗೆ ಮೂಲೆಯ ಈ ಗುಟ್ಟು ಗೊತ್ತಿತ್ತೋ, ಇಲ್ಲ ಚಪ್ಪಟೆ ಗುಂಡಿ ಹಿಂದಿನ ಮನೆಯ ಆನೆಯಡಿ ಜಾರದಿರಲೆಂದು ಮೊದಲು ಸರಿಸುತ್ತಿದ್ದರೋ? ಅವಳಿನ್ನೂ ರಾಜ ಕೂತ ಮೂಲೆಯನ್ನೇ ನೋಡುತ್ತಿದ್ದಳು.

"ಭಾನುವಾರ ಮನೆಗೆ ಬನ್ನಮ್ಮ," ಎಂದರು ಮೇಷ್ಟ್ರು. "ಸರಿಯಾಗಿ ಶುರುಮಾಡೋದನ್ನ ಕಲಿಸ್ತೀನಿ, ಪುಕ್ಕಟೆ."

"ದೊಡ್ಡ ಮನಸ್ಸು ಸಾರ್ ನಿಮ್ದು. ಆದ್ರೆ ಬೇಡ. ಈ ಒಂದು ಮನೆಯೊಳಗೆ ಇನ್ನೂ ಏನೇನಿದೆಯೋ, ಅದನ್ನೇ ನಾನು ಪೂರ್ತಿ ನೋಡಿಲ್ಲ."