ರೂಟರಿಗೆ ಹೊಸ ಪ್ಯಾಕೇಜು ಹಾಕಿದ ಭಾನುವಾರ

ಜೋಗೇಶ್ವರಿಯ ನಮ್ಮ ಮನೆಯಲ್ಲಿ ನನ್ನದು ಅಂತ ಇದ್ದದ್ದು ಭಾನುವಾರ ಬೆಳಗಿನ ಒಂದು ಗಂಟೆ ಮಾತ್ರ. ಆಗ ಲ್ಯಾಪ್‌ಟಾಪ್ ಮುಂದೆ ಕೂತು ಘಾಟ್ಕೋಪರಿನ ಕೆಲವು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಇಲ್ಲೇ ಹುಟ್ಟಿದ ಮಕ್ಕಳು. ಕನ್ನಡ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಹಿಂದಿ. ಇತ್ತೀಚೆಗೆ ನನ್ನ ಧ್ವನಿ ನಡುನಡುವೆ ತುಂಡಾಗುತ್ತಿತ್ತು. ಹಿಂದಿನ ವಾರ ಒಬ್ಬಳು ತಾಯಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು: "ನೆಕ್ಸ್ಟ್ ಸಂಡೇನೂ ಹೀಗೇ ಆದ್ರೆ ಬಂದ್ ಮಾಡುವ ಮ್ಯಾಡಮ್. ಮಕ್ಕಳು ಬೋರ್ ಆಗ್ತಾರೆ. ಬೇರೆ ಪೇರೆಂಟ್ಸೂ ಅದೇ ಹೇಳ್ತಿದಾರೆ."

ಹೊಸ ರೂಟರ್ ತನ್ನಿ ಎಂದು ಗಂಡನಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಅವರು ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಹಳೆ ಮೋಟಾರು ರಿಪೇರಿ ಮಾಡುವವರು. ಯಾವುದನ್ನಾದರೂ ಎಸೆಯಬೇಕೆಂದರೆ ಜೀವ ಹೋದಷ್ಟು ಸಂಕಟ.

"ಇದಕ್ಕೇನಾಗೇತಿ? ನಿನ್ನ ಕ್ಲಾಸಿನ ವಿಡಿಯೋಕ್ಕ ಮೊದಲ ದಾರಿ ಬಿಡೋ ಹೊಸಾ ಪ್ಯಾಕೇಜ್ ಬಂದೈತಿ. ಅದನ್ನ ಹಾಕಿದ್ರ ಮುಗೀತು," ಎಂದು ಆ ಭಾನುವಾರ ಚಹಾ ಕುಡಿದವರೇ ರೂಟರ್ ಮುಂದೆ ಕೂತರು. ನನಗಾಗಿಯೇ ಮಾಡುತ್ತಿದ್ದರು. ಅದೇ ದೊಡ್ಡ ಕಷ್ಟ, ಬಾಯಿ ತುಂಬ ಬೈಯಲೂ ಆಗುವುದಿಲ್ಲ.

ಪ್ಯಾಕೇಜು, ಅಂದರೆ ರೂಟರಿಗೆ ಸೇರಿಸುವ ಪುಟ್ಟ ತಂತ್ರಾಂಶ, ಹೊಸದು. ರೂಟರಿನೊಳಗಿನ ಫರ್ಮ್‌ವೇರು, ಅಂದರೆ ಅದನ್ನು ನಡೆಸುವ ಮೂಲ ತಂತ್ರಾಂಶ, ಓಬೀರಾಯನ ಕಾಲದ್ದು. ಇವೆರಡೂ ಹೊಂದುವುದಿಲ್ಲ ಎಂದು ಅವರ ಫೋನಿನ ಪರದೆ ಸ್ಪಷ್ಟವಾಗಿ ಹೇಳಿತು. ಇವರು ಕೇಳಬೇಕಲ್ಲ! ಅದಕ್ಕೆ ಬೇಕಾದ ಇನ್ನೊಂದು ತುಂಡನ್ನು ಹುಡುಕಿ ತಂದರು. ಆ ತುಂಡಿಗೆ ಮತ್ತೊಂದು ಬೇಕಂತೆ. ಅದನ್ನೂ ತಂದರೆ ಒಳಗೆ ಜಾಗವಿಲ್ಲವಂತೆ. ಬೇಡದ್ದನ್ನೆಲ್ಲ ಅಳಿಸಿ ಜಾಗ ಮಾಡಿದರು.

"ಬಿಡಿ ಮಾರಾಯ್ರೆ, ಕ್ಲಾಸಿನ ಹೊತ್ತಾಯ್ತು. ಮೊದಲು ಹೇಗಿತ್ತೋ ಹಾಗೇ ಇರ್ಲಿ," ಎಂದೆ.

"ನಿಂದ್ರ ಸ್ವಲ್ಪ. ಹೊಸಾ ಬೇರಿಂಗ್ ಹಳೇ ಮೋಟಾರಿಗೆ ಸಲೀಸಾಗಿ ಕೂಡ್ತೈತೇನು? ಬಡದ ಕೂಡಸಬೇಕು," ಎಂದವರೇ, ಒತ್ತಾಯದಿಂದ ಹಾಕು ಎನ್ನುವ ಆಜ್ಞೆ ಕೊಟ್ಟುಬಿಟ್ಟರು.

ರೂಟರಿನ ದೀಪ ಆರಿತು, ಹತ್ತಿತು, ಮತ್ತೆ ಆರಿತು. ಇಂಟರ್‌ನೆಟ್ ಪೂರ್ತಿ ಹೋಯಿತು. ನನಗೆ ಮೈಯೆಲ್ಲ ಉರಿಯಿತು. ಮೊಬೈಲ್ ಹಿಡಿದು ಕಿಟಕಿಗೆ ಓಡಿದೆ. ಎದುರು ಬಿಲ್ಡಿಂಗಿನ ಗೋಡೆ ಅಡ್ಡ. ಸಿಗ್ನಲ್ ಒಂದು ಕಡ್ಡಿಗಿಂತ ಮೇಲೇರಲಿಲ್ಲ. ಬಾಗಿಲಾಚೆಯ ಪ್ಯಾಸೇಜಿನಲ್ಲಿ ಎರಡು ಕಡ್ಡಿ ಬಂತು, ಮಕ್ಕಳ ಮುಖಗಳೂ ಬಂದವು. "ಟೀಚರ್, ಆವಾಜ್ ನಹೀ ಆ ರಹಾ," ಧ್ವನಿ ಬರುತ್ತಿಲ್ಲ ಎಂದು ಒಂದು ಮಗು ಅಂದಿತು, ಅಷ್ಟರಲ್ಲಿ ಕಾಲ್ ಕಟ್ಟಾಯಿತು. ಮತ್ತೆ ಮತ್ತೆ ಸೇರಿಕೊಳ್ಳಲು ನೋಡಿದೆ. ಆಗಲಿಲ್ಲ. ಕೊನೆಗೆ ಆ ತಾಯಿಯ ಮೆಸೇಜು ಬಂತು: "ಮಕ್ಕಳು ಎದ್ದು ಹೋದರು ಮ್ಯಾಡಮ್. ನಾವೆಲ್ಲ ಮಾತಾಡಿಕೊಂಡ್ವಿ, ಇನ್ನು ಕ್ಲಾಸ್ ಬೇಡ. ಥ್ಯಾಂಕ್ಸ್."

ಒಳಗೆ ಬಂದು ಲ್ಯಾಪ್‌ಟಾಪ್ ಮುಂದೆ ಕೂತೆ. ಅದರಲ್ಲಿ ಕ್ಲಾಸಿನ ಪುಟ ಇನ್ನೂ ತೆರೆದೇ ಇತ್ತು. ಇವರು ತಲೆ ಎತ್ತಲೇ ಇಲ್ಲ. ಹಳೆಯ ಫರ್ಮ್‌ವೇರನ್ನೇ ಮತ್ತೆ ತುಂಬಿಸಿ, ಅದರ ಕಾಲದ್ದೇ ಹಳೆಯ ಪ್ಯಾಕೇಜನ್ನು ಫೋನಿನಲ್ಲಿ ಎಂದೋ ಇಳಿಸಿಟ್ಟದ್ದರಲ್ಲಿ ಹುಡುಕಿ ಹಾಕಿದರು. ತಕರಾರಿಲ್ಲದೆ ಕೂತಿತು. ಮೊದಲೇ ಅದನ್ನು ಹುಡುಕಬಾರದಿತ್ತೇ?

"ಬಂತ ನೋಡ!" ಎಂದು ಕುಣಿದಾಡುತ್ತ ತಮ್ಮ ಫೋನು ಹಿಡಿದು ಅಡುಗೆಮನೆಗೆ ಹೋದರು. "ಕ್ಲಾಸಿಗೆ ನಾನೂ ಸೇರೇನಿ. ಏನಾರ ಮಾತಾಡು, ಚೆಕ್ ಮಾಡೋಣು."

"ಮಕ್ಕಳೇ, ಎಲ್ಲರೂ ಬಂದಿದ್ದೀರಾ?" ಎಂದೆ.

"ಒಂದಕ್ಷರನೂ ತುಂಡಾಗ್ಲಿಲ್ಲ!" ಎಂದು ಅಲ್ಲಿಂದ ಕೂಗಿದರು. ಆ ಕ್ಲಾಸಿನಲ್ಲಿ ಅವರೊಬ್ಬರೇ ಇದ್ದರು.