ಬಿಸಿನೀರಲ್ಲಿ ತೊಳೆದ ಕರುಳು

ಹಣೆಗೆ ಢಾಳಾಗಿ ವಿಭೂತಿ ಬಳಿದುಕೊಂಡು, ಕೊರಳಿನ ಲಿಂಗ ಸರಿಮಾಡಿಕೊಂಡು, ಏಕಾಂತಯ್ಯನವರು ಬೆಳಿಗ್ಗೆ ಏಳಕ್ಕೆಲ್ಲ ಉದಯಗಿರಿಯ ಮಟನ್ ಅಂಗಡಿಯ ಮುಂದೆ ಹಾಜರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯನಿಗೆ ಆಡಿನ ಕರುಳು ಬೇಕು, ಅದೂ ಆಗಷ್ಟೇ ಕೊಯ್ದದ್ದು.

“ಸ್ವಾಮ್ಯೋರೇ, ತಲೆಕಾಲು ಬ್ಯಾಡ್ವಾ?” ಎಂದು ಅಂಗಡಿಯವನು ದಿನಾ ಕೇಳುತ್ತಿದ್ದ. ಇಪ್ಪತ್ತು ವರ್ಷದಿಂದ ಅದೇ ಜೋಕು.

ಬನ್ನಿಮಂಟಪದ ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಅವರು ಲ್ಯಾಬ್ ಅಟೆಂಡರ್. ನುಂಗಿದ ಔಷಧ ಕರುಳು ದಾಟಿ ಎಷ್ಟು ಒಳಸೇರುತ್ತದೆಂದು ಅಳೆಯುವುದು ಅಲ್ಲಿನ ಸಂಶೋಧನೆ. ಕರುಳಿನ ತುಂಡನ್ನು ಒಳಮೈ ಹೊರಬರುವಂತೆ ಮಗುಚಿ, ಉಪ್ಪುನೀರು ತುಂಬಿ, ಎರಡೂ ತುದಿಗೆ ದಾರ ಬಿಗಿದು ಔಷಧದ ದ್ರವದಲ್ಲಿ ಮುಳುಗಿಸಬೇಕು. ಗಂಟೆ ಕಳೆದ ಮೇಲೆ ಒಳಗೆಷ್ಟು ಹೋಗಿದೆಯೆಂದು ನೋಡಬೇಕು. ಹರಿಯದಂತೆ ಮಗುಚುವ ಕೈ ಇಡೀ ಕಾಲೇಜಿನಲ್ಲಿ ಏಕಾಂತಯ್ಯನವರದೊಂದೇ. ಉಳಿದ ಕೈಗಳೆಲ್ಲ ಸಹಿ ಹಾಕುವುದರಲ್ಲಿ ಪಳಗಿದ್ದವು.

ಪ್ರೊಫೆಸರ್ ದೊರೆಸ್ವಾಮಿಯವರ ಹೊಸ ಔಷಧ ಮಾತ್ರ ಹಟ ಹಿಡಿದಿತ್ತು. ನೂರಕ್ಕೆ ನಾಲ್ಕು ಭಾಗ ಒಳಹೋದರೆ ಅದೇ ಹೆಚ್ಚು. ಅವರ ಶಿಷ್ಯೆ ರಂಜನಿಯ ಪಿಎಚ್‌ಡಿ ಅದರ ಮೇಲೆಯೇ ನಿಂತಿತ್ತು.

ಹೀಗಿರುವಾಗ ಮನೆಯಲ್ಲಿ ಹೆಂಡತಿ ಪ್ರೇಮಲೀಲಾ ಮೂಗು ಮುಚ್ಚಿಕೊಂಡರು. “ಏನ್ರೀ ಇದು ನಾತ? ಪೂಜೆ ಮಾಡೋ ಕೈ ಕಣ್ರೀ ಅದು!”

ಮರುದಿನ ಏಕಾಂತಯ್ಯನವರಿಗೆ ಶುದ್ಧಿಯ ಹುಮ್ಮಸ್ಸು ಬಂತು. ಜೀವ ಆರದಿರಲೆಂದು ತಣ್ಣನೆಯ ಉಪ್ಪುನೀರಿನಲ್ಲಿಡಬೇಕಾದ ಕರುಳನ್ನು ಸುಡುನೀರಲ್ಲಿ ಚೆನ್ನಾಗಿ ತೊಳೆದರು. ಔಷಧ ನೂರಕ್ಕೆ ಎಂಬತ್ತು ಭಾಗ ಒಳಹೋಯಿತು. ದೊರೆಸ್ವಾಮಿಯವರು ವಿಭಾಗಕ್ಕೆಲ್ಲ ಜಾಮೂನು ಹಂಚಿದರು.

ರಂಜನಿ ಒಬ್ಬಳು ತಿನ್ನಲಿಲ್ಲ. “ಕರುಳಿಗೆ ಬಿಸಿ ಏನಾದ್ರೂ ತಾಗಿತ್ತಾ ಏಕಾಂತಯ್ಯನೋರೇ? ಸತ್ತ ಕರುಳು ಯಾವುದನ್ನೂ ತಡೆಯೋದಿಲ್ಲ.”

ಏಕಾಂತಯ್ಯನವರಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಕೆಲಸ ಹೋದರೆ ಹೋಗಲಿ ಎಂದುಕೊಂಡು ನೇರ ದೊರೆಸ್ವಾಮಿಯವರ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡರು.

ದೊರೆಸ್ವಾಮಿಯವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಮಹಾ ವಿದ್ವಾಂಸರು ಯೋಚಿಸುವಾಗ ಹಾಗೆಯೇ.

“ಸರಿ ಬಿಡಿ. ನಾಳೆಯಿಂದ ಎಲ್ಲಾನೂ ಬಿಸ್ನೀರಲ್ಲೇ ತೊಳ್ದ್ಬುಡಿ.”

ಬೈಗುಳಕ್ಕೆ ತಯಾರಾಗಿ ಬಂದಿದ್ದ ಏಕಾಂತಯ್ಯನವರಿಗೆ ಇದಕ್ಕೆ ತಯಾರಿಯಿರಲಿಲ್ಲ. ಸಿಟ್ಟು ಬಂತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬಂತು.

“ಆಗಲ್ಲ ಸಾರ್. ನಾಳೆ ಈ ಔಷಧಾನ ಕಾಯಿಲೆಯೋರು ನುಂಗ್ತಾರೆ. ಅವ್ರ ಕರುಳು ಬದುಕಿರ್ತದೆ.”

ರಂಜನಿ ತನ್ನ ಪ್ರಬಂಧದಲ್ಲಿ ನೂರಕ್ಕೆ ನಾಲ್ಕೆಂದೇ ಬರೆದಳು. ಅದಿನ್ನೂ ದೊರೆಸ್ವಾಮಿಯವರ ಮೇಜಿನ ಮೇಲೆ ಸಹಿಗೆ ಕಾಯುತ್ತಿದೆ. ಏಕಾಂತಯ್ಯನವರನ್ನು ಕಾಲೇಜಿನ ಗೇಟಿಗೆ ಹಾಕಿದ್ದಾರೆ. ಬಂದುಹೋಗುವ ಗಾಡಿಗಳ ನಂಬರು ಬರೆದುಕೊಳ್ಳುತ್ತಾರೆ. ಲ್ಯಾಬಿನಲ್ಲಿ ಈಗ ಕರುಳು ತೊಳೆಯುವವರು ಪಿಎಚ್‌ಡಿ ಮುಗಿಸಿದವರು. ನೀರು ಕಾಯಿಸಲು ಹೊಸ ಗೀಸರ್ ಬಂದಿದೆ.